ಚೌಕಟ್ಟಿನ ಕಂತು

ಆ ದಿನ ಸೊಲ್ಲಾಪುರದ ನವಿ ಪೇಠದ ಅಂಗಡಿಯಿಂದ ನನ್ನನ್ನು ಬೇಗ ಬಿಟ್ಟಿದ್ದರು. ನಾನು ಅಲ್ಲಿ ಬಟ್ಟೆ ಅಳೆದು ಕೊಡುವ ಕೆಲಸದಲ್ಲಿದ್ದೆ. ಅಕ್ಕಲಕೋಟೆಯಲ್ಲಿ ನಮ್ಮದೊಂದು ಜಾಗವಿತ್ತು. ಗುದ್ದಲಿ ಪೂಜೆ ಆಗಿತ್ತು. ಮನೆ ಕಟ್ಟುವ ಗವಂಡಿ, ಹುಲಜಂತಿಯ ಕಡೆಯ ಹಿರಿಯ, ಕೂಲಿಯ ಮಾತು ಮುಗಿಸಲು ನಮ್ಮ ಬಾಡಿಗೆ ಕೋಣೆಗೆ ಬಂದಿದ್ದ. ಅರ್ಧ ಹಣ ಮೊದಲೇ ಕೇಳಿದ. ನಾನು ಹೂಂ ಅನ್ನುವವನಿದ್ದೆ. ಜೋಳ ಹಸನು ಮಾಡುತ್ತಿದ್ದ ನನ್ನ ಹೆಂಡತಿ ಮೊರ ಕೆಳಗಿಟ್ಟಳು.

“ಅರ್ಧಾ ಇಸ್ಕೊಂಡು ನೀವು ಹುಲಜಂತ್ಯಾಗ ನಿಮ್ಮ ಮನಿ ಕಟ್ಟಿಸಿದ್ರ ನಾವು ಬಯಲಾಗ ಕೂಡೂದೇನ್ರಿ ಕಾಕಾ?”

“ನಮ್ಮ ಮನಿ ಮುತ್ಯಾ ಕಟ್ಟಿದ್ದರಿ ಅಕ್ಕಾರ. ಗವಂಡಿ ಮನಿ ಹೊಸಾದು ಇದ್ದದ್ದು ಎಂದಾರ ನೋಡೀರೇನು?”

ಕೊನೆಗೆ ಅವಳು ಹೇಳಿದಂತೆ ಆಯಿತು. ಆಳುಗಳ ಖರ್ಚಿಗೆ ಸ್ವಲ್ಪ ಮುಂಗಡ. ಪಾಯ ತುಂಬಿದಾಗ ಒಂದು ಕಂತು, ತಲಬಾಗಿಲಿನ ಚೌಕಟ್ಟು ಕೂಡಿಸಿದಾಗ ಒಂದು, ಮೇಲೆ ಮಾಳಿಗೆ ಹೊದಿಸಿ ಮಣ್ಣು ಹಾಕಿದಾಗ ಒಂದು. ಕಡೆಯದು ಒಂದು ಮಳೆಗಾಲ ನೋಡಿಕೊಂಡು.

“ಇವರನ್ನ ಅಂಗಡ್ಯಾಗ ಕೂಡಸ್ರಿ ಅಣ್ಣಾರ. ಜ್ವಾಳಾ ನೀವು ಹಸನ ಮಾಡ್ರಿ,” ಎಂದು ಅವನು ನನಗೆ ಹೇಳಿದ. ಅವಳು ನಕ್ಕು ಚಹಾಕ್ಕೆ ಇಟ್ಟಳು.

ಮರುದಿನ ಅವಳಿಗೆ ಜ್ವರ ಬಂತು. ವಾರ ತುಂಬುವುದರೊಳಗೆ ಹೋಗಿಬಿಟ್ಟಳು.

ದಿನಕರ್ಮ ಮುಗಿದ ಮೇಲೆ ಗವಂಡಿ ಕೆಲಸ ಹಿಡಿದ. ಬೇಡ ಎನ್ನಲೂ ನನಗೆ ತೋಚಲಿಲ್ಲ. ಪಾಯ ತುಂಬಿತು, ಮೊದಲ ಕಂತು ಕೊಟ್ಟೆ. ರಜೆಯ ದಿನ ಹೋಗುತ್ತಿದ್ದೆ, ಗೋಡೆ ನೋಡುತ್ತಿದ್ದೆ, ತಿರುಗಿ ಬರುತ್ತಿದ್ದೆ. ಬಡಗಿ ತಂದಿಟ್ಟ ಚೌಕಟ್ಟು ಬೇವಿನ ಗಿಡಕ್ಕೆ ಒರಗಿಕೊಂಡಿತ್ತು. ನಮ್ಮಲ್ಲಿ ಗಂಡಹೆಂಡತಿ ಕೂಡಿ ಅದಕ್ಕೆ ಪೂಜೆ ಮಾಡಬೇಕು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಅದನ್ನು ಕೂಡಿಸುವುದಿಲ್ಲ. ಇದು ನನಗೂ ಗವಂಡಿಗೂ ಗೊತ್ತಿತ್ತು. ಎರಡನೆಯ ಕಂತು ಅದಕ್ಕೇ ಗಂಟುಬಿದ್ದಿದೆ ಎಂಬುದು ಮಾತ್ರ ನನ್ನ ತಲೆಗೆ ಹೋಗಲಿಲ್ಲ. ಅವನು ಬಾಯಿಬಿಟ್ಟು ಕೇಳಲಿಲ್ಲ. ಬಾಗಿಲಿನ ಜಾಗ ಬಿಟ್ಟು ಗೋಡೆ ಏರಿಸುತ್ತ ಹೋದ.

ಒಮ್ಮೆ ಹೋದಾಗ ಅವನೊಬ್ಬನೇ ಕಲ್ಲು ಕಡಿಯುತ್ತ ಕೂತಿದ್ದ.

“ಆಳು ಎಲ್ಲಿ ಕಾಕಾ?”

“ಬ್ಯಾರೆ ಕೆಲಸಕ್ಕ ಹೋಗ್ಯಾರ್ರಿ. ಅವರ ಹೊಟ್ಟಿಗೆ ವರ್ಷ ತಡಿಯಾಕ ಬರೂದಿಲ್ರಿ ಅಣ್ಣಾರ.” ಉಳಿ ಕೆಳಗಿಟ್ಟು, “ಹೀಂಗ ಅನಬಾರದಿತ್ತು,” ಎಂದ.

ಎರಡನೆಯ ಕಂತು ಬಾರದೆ ಆಳುಗಳಿಗೆ ಕೂಲಿ ಇಲ್ಲವೆಂದು ಆಗ ತಿಳಿಯಿತು. ಮಳೆ ಹತ್ತಿರ ಬಂದಿತ್ತು. ಮಾಳಿಗೆ ಇಲ್ಲದೆ ಮಳೆ ಹಿಡಿದರೆ ಆ ಕಲ್ಲುಮಣ್ಣಿನ ಗೋಡೆ ನಿಲ್ಲುತ್ತಿರಲಿಲ್ಲ. ಮುಂದಿನ ವಾರ ಉಳಿದ ಹಣವನ್ನೆಲ್ಲ ಒಯ್ದು ಅವನ ಮುಂದಿಟ್ಟೆ. ಅವನು ಮುಟ್ಟಲಿಲ್ಲ.

“ಹೀಂಗ ಕೊಡೂದು ಛಲೋ ಅಲ್ರಿ. ಅಕ್ಕಾರು ಇದ್ದಿದ್ರ ನಿಮ್ಮ ಕೈ ಹಿಡದು ತಡೀತಿದ್ರು.”

“ಏನಂತಿದ್ಲು?”

“ಗ್ವಾಡಿ ನೆಟ್ಟಗದ ಏನ್ ತೋರಸ್ರಿ, ಆಮ್ಯಾಲ ರೊಕ್ಕ, ಅಂತಿದ್ರು.”

ಅವನು ಗೋಡೆ ಹತ್ತಿ, ದಾರಕ್ಕೆ ಕಟ್ಟಿದ ಗುಂಡನ್ನು ಮೇಲಿನಿಂದ ಇಳಿಬಿಟ್ಟ. ಗುಂಡು ತೂಗಾಡಿ ನಿಂತಿತು.

“ನೋಡ್ರಿ.”

“ಕಾಣತದ.”

“ಅಲ್ಲಿ ನಿಂತು ಏನ್ ಕಾಣತದರಿ? ಸನೇಕ ಬಂದು ನೋಡ್ರಿ.”

ಹತ್ತಿರ ಹೋಗಿ ನೋಡಿದೆ. ದಾರ ಗೋಡೆಗುಂಟ ನೆಟ್ಟಗಿತ್ತು. ಎರಡನೆಯ ಕಂತನ್ನು ಚೌಕಟ್ಟಿನಿಂದ ಬಿಡಿಸಿ ಗೋಡೆಗೆ ಹಚ್ಚಿದೆವು. ಅವನು ಅಷ್ಟನ್ನೇ ತೆಗೆದುಕೊಂಡು ಉಳಿದದ್ದನ್ನು ನನ್ನ ಕಡೆ ಸರಿಸಿದ. ಮರುದಿನವೇ ಆಳುಗಳು ಬಂದರು. ಮಳೆಗೆ ಮೊದಲು ಮಾಳಿಗೆಗೆ ಮಣ್ಣು ಬಿತ್ತು. ಮಳೆಗಾಲ ಕಳೆದ ಮೇಲೆ ಕಡೆಯ ಕಂತೂ ಮುಟ್ಟಿತು.

ವರ್ಷ ತುಂಬಿ ಬಹಳ ದಿನಗಳಾದವು. ತಮ್ಮನನ್ನೂ ಅವನ ಹೆಂಡತಿಯನ್ನೂ ಪೂಜೆಗೆ ಕೂಡಿಸು ಎಂದು ಮನೆಯವರು ಹೇಳುತ್ತಾರೆ. ಆಗಲಿ ಎನ್ನುತ್ತೇನೆ. ಚೌಕಟ್ಟು ಇನ್ನೂ ಬೇವಿನ ಗಿಡಕ್ಕೇ ಒರಗಿದೆ. ಚೌಕಟ್ಟಿನ ಲೆಕ್ಕದಲ್ಲಿ ಯಾರಿಗೂ ಏನೂ ಕೊಡುವುದು ಉಳಿದಿಲ್ಲ, ಹಾಗಾಗಿ ಕೇಳಲು ಯಾರೂ ಬರುವುದಿಲ್ಲ. ನಾನಿನ್ನೂ ಬಾಡಿಗೆ ಕೋಣೆಯಲ್ಲೇ ಇದ್ದೇನೆ. ಆ ಮನೆಗೆ ಬಾಗಿಲಿಲ್ಲ.