ಅಜ್ಜ ತಟ್ಟೆ ತೊಳೆದು ಕುಡಿದದ್ದು

ಮೊನ್ನೆ ನನ್ನ ಹುಟ್ಟುಹಬ್ಬಕ್ಕೆ ಪುದುಚೇರಿಯ ಹೆಸರುವಾಸಿ ಫ್ರೆಂಚ್ ರೆಸ್ಟೋರೆಂಟಿಗೆ ಒಬ್ಬಳೇ ಊಟಕ್ಕೆ ಹೋಗಿದ್ದೆ. ಇಬ್ಬರ ಮೇಜು. ವೇಟರ್ ಎದುರಿನ ತಟ್ಟೆ, ಚಮಚಗಳನ್ನು ಸದ್ದಿಲ್ಲದೆ ಎತ್ತಿಕೊಂಡು ಹೋದ. ಆಮೇಲೆ ಅಷ್ಟಗಲದ ತಟ್ಟೆಯಲ್ಲಿ ಬೆಣ್ಣೆಯಲ್ಲಿ ಹುರಿದ ನಾಲ್ಕೇ ಅಣಬೆ ಬಂದವು. ಆ ಬೆಣ್ಣೆಯ ವಾಸನೆಗೆ ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲು ನೆನಪಾಯಿತು.

ಪ್ರತಿ ಹುಟ್ಟುಹಬ್ಬಕ್ಕೂ ಅಜ್ಜ ನನ್ನನ್ನು ನಮ್ಮೂರು ನೀಲಗುಂದದಿಂದ ಅಲ್ಲಿಗೆ ಬೆಣ್ಣೆ ದೋಸೆಗೆ ಕರೆದೊಯ್ಯುತ್ತಿದ್ದ. ಉಂಡದ್ದೆಲ್ಲ ಪ್ರಸಾದ, ಒಂದು ಅಗುಳೂ ಬಿಡಬಾರದು ಎಂಬುದು ನಮ್ಮ ಮನೆಯ ರೂಢಿ. ಹಾಗಾಗಿ ಅಜ್ಜ ದೋಸೆ ಮುಗಿದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಬಳಿದು, ಎತ್ತಿ ಕುಡಿಯುತ್ತಿದ್ದ. ಒಂದು ವರ್ಷ ನನ್ನ ಕ್ಲಾಸಿನ ಇಬ್ಬರು ಹುಡುಗಿಯರು ಅದನ್ನು ನೋಡಿ ಮುಸಿಮುಸಿ ನಕ್ಕರು. ನಾನು ನನ್ನ ತಟ್ಟೆ ಹಿಡಿದುಕೊಂಡು ಬೇರೆ ಮೇಜಿಗೆ ಹೋಗಿ ಕೂತೆ.

“ಯಾಕವ್ವಾ, ಅಲ್ಲಿ ಫ್ಯಾನಿನ ಗಾಳಿ ಚೊಲೊ ಬರ್ತೈತೇನು?” ಎಂದ ಅಜ್ಜ.

“ಹ್ಞೂಂ,” ಎಂದೆ.

“ಹಂಗಾರೆ ಅಲ್ಲೇ ಕುಂದ್ರು.”

ಮುಂದಿನ ವರ್ಷದಿಂದ ಅಜ್ಜ ನನಗೊಬ್ಬಳಿಗೇ ದೋಸೆ ಹೇಳಿ, “ನನಗ ಹಸಿವಿಲ್ಲ” ಎಂದು ಹೊರಗೆ ನಿಲ್ಲುತ್ತಿದ್ದ.

ಮೊನ್ನೆ ಅಣಬೆ ಮುಗಿದಾಗ ತಟ್ಟೆಯಲ್ಲಿ ಒಂದಿಷ್ಟು ಬೆಣ್ಣೆ ಉಳಿದಿತ್ತು. ನೀರು ಹಾಕಿದೆ. ಬೆರಳಿನಿಂದ ಬಳಿದು, ಎತ್ತಿ ಕುಡಿದೆ. ನಾಚಿಕೊಂಡು ಬೇರೆ ಮೇಜಿಗೆ ಎದ್ದು ಹೋಗಲು ನನ್ನೆದುರು ಯಾರೂ ಇರಲಿಲ್ಲ.