ಯಾರ ಮಾತು, ಅವರ ಹೆಸರಿಗೆ

ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ನೂ ಚಹಾದಂಗಡಿಯ ಒಲೆ ಹೊತ್ತಿಲ್ಲ. ಒಂದೇ ಒಂದು ಶಟರ್ ಅರ್ಧ ಮೇಲೆದ್ದಿದೆ. ಒಳಗೆ ಕಂಪ್ಯೂಟರ್ ಮುಂದೆ ಕೂತ ಮೆಹನಾಜ ಗಟ್ಟಿಯಾಗಿ ಹೆಸರು ಓದುತ್ತಿದ್ದಾರೆ. ಬಾಗಿಲ ಬಳಿ ಚಾಪೆ ಹಾಸಿಕೊಂಡು ಕೂತ ತಾಯಿ ಶರೀಫಾಬೀ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೇಳುತ್ತಿದ್ದಾರೆ.

"ಕಟ್ಟಿಮನಿ, ಎರಡು ಸಾವಿರದ ಹತ್ತು," ಎನ್ನುತ್ತಾರೆ ಮಗಳು.

"ಬಂದಾನ," ಎನ್ನುತ್ತಾರೆ ತಾಯಿ.

"ಹವಾಲ್ದಾರ, ಎರಡು ಸಾವಿರದ ಹದಿನಾಲ್ಕು."

"ಬಂದಾನ."

"ದೊಡ್ಡಮನಿ, ಎರಡು ಸಾವಿರದ ಎಂಟು."

ಬೇಳೆಯ ಮೇಲಿನ ಕೈ ನಿಲ್ಲುತ್ತದೆ. "ಈ ದೊಡ್ಡಮನಿ ಬಂದಿಲ್ಲ ನೋಡು."

ದೊಡ್ಡಮನಿ ಎಂಬ ವಿದ್ವಾಂಸರ ಮಾತು ಟೈಪಿಗೆ ಬಂದ ಪ್ರಬಂಧದ ಮೂರನೇ ಅಧ್ಯಾಯದಲ್ಲಿದೆ, ಕೊನೆಯ ಆಧಾರ ಪಟ್ಟಿಯಲ್ಲಿ ಮಾತ್ರ ಅವರ ಪುಸ್ತಕದ ಸುದ್ದಿಯೇ ಇಲ್ಲ. ಮೆಹನಾಜ ಕೆಂಪು ಗುರುತು ಹಾಕುತ್ತಾರೆ. ಹೊತ್ತೇರಿದ ಮೇಲೆ ಸಂಶೋಧಕರಿಗೆ ಫೋನು ಹೋಗುತ್ತದೆ: ಮಾತು ತಂದೀರಿ, ಮನುಷ್ಯನ್ನ ಎಲ್ಲಿ ಬಿಟ್ಟು ಬಂದ್ರಿ?

ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ಊರುಗಳ ಪಿಎಚ್‌.ಡಿ. ವಿದ್ಯಾರ್ಥಿಗಳು ಹುಡುಕಿಕೊಂಡು ಬರುವ ಟೈಪಿಂಗ್ ಅಂಗಡಿ ಇದು. ಮೆಹನಾಜರ ತಂದೆ ಖಾಜಾಹುಸೇನ ತಹಶೀಲ್ ಕಚೇರಿ ಮುಂದೆ ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಹೊಡೆದುಕೊಡುತ್ತಿದ್ದವರು. ಅವರು ತೀರಿಕೊಂಡಾಗ ಮಗಳು ಪಿಯುಸಿ ಓದುತ್ತಿದ್ದಳು. ಓದು ನಿಂತಿತು, ಟೈಪ್‌ರೈಟರ್ ನಿಲ್ಲಲಿಲ್ಲ. ಮರದ ಕೆಳಗೆ ಹೆಣ್ಣುಮಗಳು ಕೂತರೆ ಮಂದಿ ಏನೆಂದಾರು ಎಂದು ಅಂದವರೇ ನಾಲ್ಕು ದಿನ ಕಳೆದ ಮೇಲೆ ಅರ್ಜಿ ಹಿಡಿದು ಸಾಲಿಗೆ ನಿಂತರು. ಆಮೇಲೆ ಕಂಪ್ಯೂಟರ್ ಬಂತು, ಬಾಡಿಗೆಯ ಅಂಗಡಿ ಬಂತು. ಈಗ ದಿನಕ್ಕೆ ಮೂವತ್ತು ಪುಟ ಸಲೀಸಾಗಿ ಹೊಡೆಯುತ್ತಾರೆ. ಮೇ ತಿಂಗಳ ಬಿಸಿಲಿಗೆ ಕಂಪ್ಯೂಟರೇ ಏದುಸಿರು ಬಿಡುವಾಗಲೂ ಇಪ್ಪತ್ತಕ್ಕೆ ಕಡಿಮೆ ಇಲ್ಲ.

ಈ ಹೆಸರಿನ ಹುಚ್ಚು ಅಂಟಿದ್ದು ಒಂದು ಪೆಟ್ಟು ತಿಂದ ಮೇಲೆ. ಮೊದಮೊದಲು ಟೈಪು ಮಾಡಿದ ಪ್ರಬಂಧವೊಂದು ವಿಶ್ವವಿದ್ಯಾಲಯದಿಂದ ಹಾಗೇ ವಾಪಸಾಯಿತು. ಒಳಗಿನ ಉಲ್ಲೇಖಕ್ಕೂ ಹಿಂದಿನ ಪಟ್ಟಿಗೂ ತಾಳಮೇಳವಿರಲಿಲ್ಲ. ವಿದ್ಯಾರ್ಥಿನಿ ಅಂಗಡಿಯಲ್ಲೇ ಕೂತು ಅತ್ತಳು. ಮೆಹನಾಜರಿಗೆ ಆ ಅಳು ತಡೆಯಲಾಗಲಿಲ್ಲ. ಆಧಾರ ಬರೆಯುವ ಪದ್ಧತಿಯ ಕೈಪಿಡಿಯನ್ನು ಅದೇ ಹುಡುಗಿಯಿಂದ ತರಿಸಿ ಜೆರಾಕ್ಸ್ ಮಾಡಿಸಿಕೊಂಡರು, ಅರ್ಥವಾಗದ್ದನ್ನು ಬಂದ ಬಂದ ಮೇಷ್ಟ್ರುಗಳ ಬೆನ್ನು ಹತ್ತಿ ಕೇಳಿದರು. ಲೇಖಕರ ಮನೆತನದ ಹೆಸರು ಮೊದಲು, ಆಮೇಲೆ ವರ್ಷ, ಪುಸ್ತಕದ ಹೆಸರು ಓರೆಯಕ್ಷರದಲ್ಲಿ, ಕೊನೆಗೆ ಪ್ರಕಾಶಕರು. ಎಲ್ಲಿ ಚುಕ್ಕೆ, ಎಲ್ಲಿ ಅಲ್ಪವಿರಾಮ ಎಂಬುದೂ ಬಾಯಿಪಾಠವಾಯಿತು.

ಬರುವವರ ಕಥೆಗಳನ್ನು ಕೇಳಬೇಕು. ಒಬ್ಬರು ಲೇಖಕರ ಜಾಗದಲ್ಲಿ 'ಗೂಗಲ್' ಎಂದು ಬರೆದು ತಂದಿದ್ದರು. ಇನ್ನೊಬ್ಬರು 'ವಾಟ್ಸ್ಯಾಪ್, ನಮ್ಮ ಗುಂಪು' ಎಂದಿದ್ದರು. ಬಂಗಾರದ ಅಕ್ಷರದ ರಟ್ಟು ಮಾತ್ರ ಎಲ್ಲರಿಗೂ ಬೇಕು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ!

"ಹಿಂದಿನ ಪುಟ ಯಾರ ನೋಡ್ತಾರ ಅಂತಾರ್ರಿ," ಎಂದು ಮೆಹನಾಜ ನಗುತ್ತಾರೆ. "ನಾ ನೋಡ್ತೀನಲ್ರಿ. ನಮ್ಮ ಅಮ್ಮೀ ನೋಡ್ತಾಳ."

ಶರೀಫಾಬೀಗೆ ಕನ್ನಡ ಓದಲು ಬರುವುದಿಲ್ಲ. ಮನೆಯಲ್ಲಿ ಆಡುವುದು ದಖನಿ ಉರ್ದು. ಆದರೆ ಪಟ್ಟಿಯನ್ನು ಒಮ್ಮೆ ಓದಿ ಹೇಳಿದರೆ ಸಾಕು, ಹೆಸರುಗಳು ತಲೆಯಲ್ಲಿ ಕೂತುಬಿಡುತ್ತವೆ. ಅದು ಹೇಗೆಂದು ಕೇಳಿದರೆ ಅವರಿಗೇ ಅಚ್ಚರಿ. "ಮದುವಿ ಮನ್ಯಾಗ ಯಾರ ಬಂದಾರ, ಯಾರ ಬಂದಿಲ್ಲ ಅಂತ ಹೆಣ್ಮಕ್ಕಳಿಗಿ ಗೊತ್ತಾಗಂಗಿಲ್ಲೇನ್ರಿ? ಇದೂ ಹಂಗ."

ಆ ಕಿವಿಯ ಬೆಲೆ ತಿಳಿದದ್ದು ದೇವಿಂದ್ರ ಅವರ ಪ್ರಬಂಧ ಸಲ್ಲಿಸುವ ದಿನ. ಸುರಪುರ ತಾಲ್ಲೂಕಿನ ಸಣ್ಣ ರೈತರ ಮನೆಯಿಂದ ಬಂದ ದೇವಿಂದ್ರ ನಾರಾಯಣಪುರದ ಕಾಲುವೆ ನೀರು ನಿಂತು ಸವಳಾದ, ಅಂದರೆ ಉಪ್ಪೇರಿದ ಹೊಲಗಳ ಮೇಲೆ ಸಂಶೋಧನೆ ಮಾಡಿದವರು. ಅಂದು ಸಂಜೆಯೊಳಗೆ ಕಲಬುರಗಿಗೆ ಪ್ರಬಂಧ ಮುಟ್ಟಬೇಕಿತ್ತು. ಮುಟ್ಟದಿದ್ದರೆ ಮತ್ತೆ ಆರು ತಿಂಗಳು ಕಾಯಬೇಕು, ಕಾಲೇಜಿನಲ್ಲಿ ಸಿಗಲಿದ್ದ ಕೆಲಸವೂ ಕೈತಪ್ಪುತ್ತದೆ. ಅವರು ನಸುಕಿನಲ್ಲೇ ಬಂದು ಅಂಗಡಿಯ ಮುಂದೆ ಕೂತಿದ್ದರು. ಮುದ್ರಣಕ್ಕೆ ಮುಂಚಿನ ಕೊನೆಯ ಓದು ನಡೆದಿತ್ತು.

"ಜೋಳದ ಎಲಿ ತುದಿ ಸುಡೋಕಿಂತ ಮೊದಲ ಬದುವಿನ ಮ್ಯಾಲ ಬೆಳೆದ ಕಸ ನೋಡಿದ್ರ ಸವಳು ಗೊತ್ತಾಗ್ತದ, ಎಂದು ಮೌನಮ್ಮ ಹೇಳುತ್ತಾರೆ," ಎಂದು ಓದಿದ ಮೆಹನಾಜ ಕಂಸದೊಳಗಿನದನ್ನೂ ಓದಿದರು: "ಸಾಬಣ್ಣ, ಎರಡು ಸಾವಿರದ ಇಪ್ಪತ್ತಮೂರು."

ಶರೀಫಾಬೀಯ ಕೈ ನಿಂತಿತು. "ಮೌನಮ್ಮ ಹೇಳ್ಯಾಳ ಅಂತಿ, ಸಾಬಣ್ಣ ಅಂತಿ. ಈ ಸಾಬಣ್ಣ ಯಾರು? ಮೌನಮ್ಮ ಎಲ್ಲಿ ಹೋದಳು?"

ಮೆಹನಾಜ ಹಿಂದಿನ ಪಟ್ಟಿ ತೆಗೆದು ನೋಡಿದರು. ಮೌನಮ್ಮ ಕಾಲುವೆಯ ಕೊನೆಯಲ್ಲಿ ಹೊಲ ಮಾಡಿಕೊಂಡಿರುವ ಹೆಣ್ಣುಮಗಳು. ದೇವಿಂದ್ರ ಆಕೆಯ ಹೆಸರನ್ನು ನಮ್ಮ ಕಾಗದಪತ್ರಗಳ ರೂಢಿಯಂತೆ 'ಮೌನಮ್ಮ ಗಂಡ ಸಾಬಣ್ಣ' ಎಂದು ಬರೆದುಕೊಂಡಿದ್ದರು. ಕೊನೆಯ ಹೆಸರು ಮೊದಲು ಎಂಬ ನಿಯಮ ಕಲಿತ ಕಂಪ್ಯೂಟರ್ ಅದನ್ನು ತಿರುವಿ ಹಾಕಿತ್ತು: 'ಸಾಬಣ್ಣ, ಮೌ. ಗಂ.' ಹೆಂಡತಿ ಬರೀ ಇನಿಷಿಯಲ್ ಆಗಿ ಗಂಡನ ಬೆನ್ನ ಹಿಂದೆ ನಿಂತಿದ್ದಳು. ಪ್ರಬಂಧದ ತುಂಬ ಮೌನಮ್ಮ ಹೇಳಿದ ಮಾತುಗಳೆಲ್ಲ ಸಾಬಣ್ಣನ ಪಾಲಾಗಿದ್ದವು.

"ಬಿಡ್ರಿ ಅಕ್ಕಾ, ನಿಯಮ ಹಂಗ ಅದ. ಟೈಮಿಲ್ಲ," ಎಂದು ದೇವಿಂದ್ರ ಗೋಗರೆದರು.

"ನಿಯಮಕ್ಕ ಹೊಲ ಗೊತ್ತಿಲ್ಲ ತಮ್ಮಾ, ನಿನಗ ಗೊತ್ತದ," ಎಂದರು ಮೆಹನಾಜ. "ಆಕಿ ಮಾತು ಆಕಿ ಹೆಸರಿಲೆ ಹೋಗಲಿಲ್ಲಂದ್ರ ನನ್ನ ಪ್ರಿಂಟರ್‌ದಾಗಿಂದ ಒಂದ್ ಹಾಳಿ ಹೊರಗ ಬರಂಗಿಲ್ಲ."

ದೇವಿಂದ್ರ ತಲೆ ಮೇಲೆ ಕೈ ಹೊತ್ತರು. ಮೌನಮ್ಮನ ಮನೆಯಲ್ಲಾದರೂ ಕೇಳೋಣ ಎಂದು ಫೋನು ಮಾಡಿದರೆ ಎತ್ತಿದವರು ಖುದ್ದು ಸಾಬಣ್ಣ. ಟಂಟಂ ಆಟೊ ಓಡಿಸುವ ಅವರು ವಿಷಯ ಕೇಳಿ ಗಾಬರಿಯಾದರು.

"ನನ್ನ ಹೆಸರಾ? ಆ ಹೊಲದಾಗ ಸವಳ ಅದನೋ ಸಕ್ರಿ ಅದನೋ ನನಗೇನ ಗೊತ್ತೋ ಮಾರಾಯಾ! ತಗೀರಿ, ಮೊದಲ ತಗೀರಿ. ಆಕಿಗಿ ಗೊತ್ತಾದ್ರ ನನಗ ಇವತ್ತ ರೊಟ್ಟಿ ಇಲ್ಲ."

ಇಂಥ ಸಾಕ್ಷಿ ಸಿಕ್ಕ ಮೇಲೆ ಇನ್ನೇನು ಬೇಕು? ದೇವಿಂದ್ರ ನಕ್ಕುಬಿಟ್ಟರು, ಅಲ್ಲಿಂದಲೇ ಮಾರ್ಗದರ್ಶಕಿಗೆ ಫೋನು ಮಾಡಿದರು. ಆ ಮೇಡಂ ಎಲ್ಲ ಕೇಳಿಸಿಕೊಂಡು, ಒಂದು ನಾಡಿನ ಜನ ಹೆಸರನ್ನು ಹೇಗೆ ಕರೆಯುತ್ತಾರೋ ಹಾಗೆಯೇ ಬರೆಯಬೇಕೆಂದು ಕೈಪಿಡಿಯೇ ಹೇಳುತ್ತದೆ, ಧಾರಾಳವಾಗಿ ತಿದ್ದಿ ಎಂದರು. ತಾನೇ ಜೆರಾಕ್ಸ್ ಮಾಡಿಸಿದ ಕೈಪಿಡಿಯಲ್ಲಿ ಆ ಸಾಲು ತನ್ನ ಕಣ್ಣಿಗೇ ಬಿದ್ದಿರಲಿಲ್ಲವಲ್ಲ ಎಂದು ಮೆಹನಾಜ ಹಣೆ ಚಚ್ಚಿಕೊಂಡರು.

ಒಂದೇ ಏಟಿಗೆ ಎಲ್ಲ 'ಸಾಬಣ್ಣ'ಗಳನ್ನು 'ಮೌನಮ್ಮ' ಮಾಡುವಂತೆಯೂ ಇರಲಿಲ್ಲ. ಮಣ್ಣಿನ ಬಗ್ಗೆ ಪುಸ್ತಕ ಬರೆದ ಇನ್ನೊಬ್ಬ ಸಾಬಣ್ಣ ಅದೇ ಪಟ್ಟಿಯಲ್ಲಿದ್ದರು. ಒಬ್ಬರಿಗೆ ನ್ಯಾಯ ಮಾಡಲು ಹೋಗಿ ಮತ್ತೊಬ್ಬರ ಹೆಸರು ಕಿತ್ತುಕೊಂಡಂತಾದೀತು. ಹಾಗಾಗಿ ಮೊದಲ ಪುಟದಿಂದ ಮತ್ತೆ ಓದು ಶುರುವಾಯಿತು. ಮಗಳು ಓದಿದರು, ದೇವಿಂದ್ರ ಕೈಪ್ರತಿ ಹಿಡಿದು ತಾಳೆ ನೋಡಿದರು. ಶರೀಫಾಬೀ ಬೇಳೆ ಬದಿಗಿಟ್ಟು ಒಂದೊಂದು ಸಾಬಣ್ಣನಿಗೂ ತೀರ್ಪು ಕೊಟ್ಟರು: "ಇದು ಪುಸ್ತಕದ ಸಾಬಣ್ಣ, ಇರಲಿ." "ಇದು ಹೊಲದ ಮಾತು, ಮೌನಮ್ಮಂದು." ಪ್ರಿಂಟರ್ ಬಿಸಿಯಾಗಿ ನಿಂತಿತು, ಫ್ಯಾನ್ ಅದರ ಕಡೆ ತಿರುಗಿತು, ಮೂವರೂ ಬೆವತು ನೀರಾದರು. ಜೇವರ್ಗಿ ಮೇಲೆ ಕಲಬುರಗಿಗೆ ಹೋಗುವ ಮಧ್ಯಾಹ್ನದ ಬಸ್ಸು ಹೊರಡುವಾಗ ದೇವಿಂದ್ರ ರಟ್ಟು ಹಸಿಯಿದ್ದ ಪ್ರತಿಗಳನ್ನು ಎದೆಗವಚಿಕೊಂಡು ಓಡಿ ಹತ್ತಿದರು. ಸಂಜೆ ಫೋನು ಬಂತು: "ಅಕ್ಕಾ, ಮುಟ್ಟಿಸೀನಿ!" ಶರೀಫಾಬೀ ಅಂದು ಓಣಿಗೆಲ್ಲ ಚಹಾ ಕುಡಿಸಿದರು.

ಆದರೆ ನಿಜವಾದ ಹಬ್ಬ ಆದದ್ದು ಮೌಖಿಕ ಪರೀಕ್ಷೆಯ ದಿನ. ಅದು ಎಲ್ಲರಿಗೂ ತೆರೆದ ಸಭೆ. ತಾಯಿ ಮಗಳು ಅಂಗಡಿ ಮುಚ್ಚಿಕೊಂಡು ಹೋದರು. ಇಸ್ತ್ರಿ ಅಂಗಿ ತೊಟ್ಟ ಸಾಬಣ್ಣ ಹೆಂಡತಿಯನ್ನು ಕರೆತಂದಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ಪುಟ ತಿರುವುತ್ತ, "ಈ ಮೌನಮ್ಮ ಅನ್ನುವವರನ್ನು ಇಷ್ಟು ಕಡೆ ಉಲ್ಲೇಖಿಸಿದ್ದೀರಿ. ಯಾರಿವರು?" ಎಂದರು. ದೇವಿಂದ್ರ ಹಿಂದಿನ ಸಾಲಿಗೆ ಕೈ ತೋರಿಸಿದರು. ಸಭೆಯೇ ತಿರುಗಿತು. ಮೌನಮ್ಮ ಸೆರಗು ಹೊದ್ದು ಎದ್ದು ನಿಂತರು. ಪರೀಕ್ಷಕರೂ ಎದ್ದು ನಿಂತು ಕೈಮುಗಿದರು. ಇದೆಲ್ಲ ನಿಮಗೆ ಹೇಗೆ ಗೊತ್ತಾಯಿತಮ್ಮಾ ಎಂದು ಕೇಳಿದರು.

"ನನಗೆಲ್ಲಿ ಗೊತ್ತಿತ್ರಿ. ನಮ್ಮ ಅತ್ತಿ ಶೇಖಮ್ಮ ತೋರಿಸಿಕೊಟ್ಟಾಳ್ರಿ. ಆಕಿ ಈಗ ಇಲ್ಲ," ಎಂದರು ಮೌನಮ್ಮ. ಆಮೇಲೆ ದೇವಿಂದ್ರರ ಕಡೆ ತಿರುಗಿ ಕೇಳಿದರು: "ಆಕಿ ಹೆಸರ ಬರದಿಯಿಲ್ಲೋ ಮತ್ತ?"

ಆ ಮಾತಿಗೆ ಬಿದ್ದ ಚಪ್ಪಾಳೆಗೆ ಕಿಟಕಿಯ ಪಾರಿವಾಳಗಳು ಹಾರಿದವು. ಪದವಿ ಕೊಡಲು ಸಂತೋಷದಿಂದ ಶಿಫಾರಸು ಮಾಡಿದ ಪರೀಕ್ಷಕರು ಬರೆದ ತಿದ್ದುಪಡಿ ಒಂದೇ: ಶೇಖಮ್ಮನವರನ್ನು ಸೇರಿಸಿ. ಮರುದಿನ ನಸುಕಿನಲ್ಲಿ ಶಹಾಪುರದ ಆ ಅರ್ಧ ಶಟರಿನ ಹಿಂದೆ ಮೆಹನಾಜ ಹೊಸ ಸಾಲು ಟೈಪು ಮಾಡಿ ಗಟ್ಟಿಯಾಗಿ ಓದಿದರು: "ಮೌನಮ್ಮನವರಿಗೆ ಇದನ್ನು ಕಲಿಸಿದವರು ಅವರ ಅತ್ತೆ ಶೇಖಮ್ಮ." ಬಾಗಿಲ ಬಳಿಯಿಂದ ಉತ್ತರ ಬಂತು. "ಬಂದಾಳ."

ದೇವಿಂದ್ರ ಈಗ ಕಾಲೇಜಿನಲ್ಲಿ ಪಾಠ ಹೇಳುತ್ತಾರೆ, ತಮ್ಮ ವಿದ್ಯಾರ್ಥಿಗಳನ್ನು ಇದೇ ಅಂಗಡಿಗೆ ಕಳಿಸುತ್ತಾರೆ. ಅಂಗಡಿಯಲ್ಲಿ ಇವತ್ತು ಮತ್ತೊಂದು ಪ್ರಬಂಧ ಕಾಯುತ್ತಿದೆ. ತಪ್ಪಿಸಿಕೊಂಡಿದ್ದ ದೊಡ್ಡಮನಿ ಇನ್ನೂ ಸಿಕ್ಕಿಲ್ಲ.

"ನಾ ಸ್ವಂತ ಬರೆದದ್ದು ಏನೂ ಇಲ್ರಿ," ಎನ್ನುತ್ತಾರೆ ಮೆಹನಾಜ, ಕೀಬೋರ್ಡ್ ಮೇಲಿನ ಧೂಳು ಸೆರಗಿನಿಂದ ಒರೆಸುತ್ತ. "ಯಾರ ಮಾತು ಅವರ ಹೆಸರಿಗಿ ಮುಟ್ಟಿಸಾಕತ್ತೀನಿ, ಅಷ್ಟ."

ಈ ಲೇಖನದಲ್ಲಿ ನಿಮ್ಮ ಹೆಸರು ಹೇಗೆ ಬರೆಯಬೇಕು ಎಂದು ಕೇಳಿದರೆ ಬರೀ ಮೆಹನಾಜ ಅಂದರೆ ಸಾಕು ಎನ್ನುತ್ತಾರೆ. ಪೇಪರಿನವರು ಶಟರ್ ದಾಟುವಷ್ಟರಲ್ಲಿ ಹಿಂದಿನಿಂದ ಕೂಗಿ ನಿಲ್ಲಿಸುತ್ತಾರೆ.

"ತಡೀರಿ, ತಡೀರಿ! ಸಾಬಣ್ಣ ಯಾರಂತ ಕೇಳಿದಾಕಿ ನಾ ಅಲ್ರಿ, ನಮ್ಮ ಅಮ್ಮೀ. ಆಕಿ ಹೆಸರು ಶರೀಫಾಬೀ. ಅದನ್ನ ಮೊದಲ ಬರೀರಿ."