ಸ್ಟೇರಿಂಗ್ ಮಾತು ಕೇಳುವಂತೆ ಮಾಡುವ ಗಾಳಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಾತ್ರಿಯಿಂದ ಶೆಡ್ಡಿನೊಳಗೆ ನಿಂತ ಆಂಬುಲೆನ್ಸಿನ ಹಿಂದಿನ ಚಕ್ರದ ಪಕ್ಕ ಗಾಳಿಯಕ್ಕ ಮಂಡಿಯೂರಿ ಕೂತು, ಟೈರಿಗೆ ಗಾಳಿ ಅಳೆಯುವ ಮೀಟರ್ ಒತ್ತಿ, ಮುಳ್ಳನ್ನೇ ದಿಟ್ಟಿಸುತ್ತಾರೆ.

"ಆರು ಪಾಯಿಂಟ್ ಕಮ್ಮಿ ಇದೆಯಲ್ಲಪ್ಪಾ!"

"ನಿನ್ನೆ ಬೇರೆ ಕಡೆ ತೋರಿಸ್ದೆ ಅಕ್ಕ. ಸರಿಯಾಗಿದೆ ಅಂದ್ರು," ಎನ್ನುತ್ತಾನೆ ಡ್ರೈವರ್.

"ಓಡಿ ಬಂದ ಟೈರು ಬಿಸಿಯಾಗಿ ಉಬ್ಬಿರತ್ತೆ, ಸುಳ್ಳು ಹೇಳತ್ತೆ. ತಣ್ಣಗಿರುವಾಗ ಕೇಳಿದ್ರೆ ಮಾತ್ರ ನಿಜ ಬಾಯಿಬಿಡೋದು."

ಅವನ ಕಷ್ಟ ಸಣ್ಣದಲ್ಲ. ಪಕ್ಕದಲ್ಲಿ ಲಾರಿ ಹಾದರೆ ಸಾಕು, ಗಾಡಿ ಕುಡಿದವರಂತೆ ತೂರಾಡುತ್ತದೆ. ಸ್ಟೇರಿಂಗ್ ಎಳೆದು ಎಳೆದು ಅವನ ಭುಜ ಬಿದ್ದುಹೋಗಿದೆ. ಹಿಂದೆ ಮಲಗಿದ ರೋಗಿಗಳ ನರಳಾಟವಂತೂ ಕೇಳಲಾಗದು.

ಎಲ್ಲರೂ ಗಾಳಿಯಕ್ಕ ಎಂದೇ ಕರೆಯುವ ಇವರಿಗೆ ಈಗ ಐವತ್ತೆಂಟು. ಇಪ್ಪತ್ತೆರಡು ವರ್ಷಗಳ ಹಿಂದೆ ಅವರು ಶಾಲೆಯ ವ್ಯಾನ್ ಓಡಿಸುತ್ತಿದ್ದರು. ಒಂದು ದಿನ ಸೇತುವೆಯ ಮೇಲೆ ಜೋರು ಗಾಳಿಗೆ ವ್ಯಾನ್ ಹಿಡಿತ ತಪ್ಪಿ ಕಂಬಿಗೆ ಉಜ್ಜಿಕೊಂಡು ನಿಂತಿತು. ಒಳಗೆ ಹನ್ನೊಂದು ಮಕ್ಕಳು. ಯಾರಿಗೂ ಒಂದು ಗೀರೂ ಬೀಳಲಿಲ್ಲ, ಆದರೆ ಅಕ್ಕನ ಎದೆ ಒಡೆದುಹೋಯಿತು. ಮೂರು ಗ್ಯಾರೇಜಿನವರು ಒಂದೇ ರಾಗ ಹಾಡಿದರು: ಗಾಡಿ ಸರಿಯಾಗಿದೆ, ನಿಮ್ಮ ಕೈಯೇ ಸರಿಯಿಲ್ಲ.

ನಾಲ್ಕನೆಯವರು ವಯಸ್ಸಾದ ಮೇಸ್ತ್ರಿ. ವ್ಯಾನಿನ ಮೂತಿಯನ್ನು ಒಮ್ಮೆ ಅದುಮಿ ಬಿಟ್ಟರು. ಅದು ಕುಣಿಯುತ್ತಲೇ ಇತ್ತು. ಶಾಕ್ ಅಬ್ಸಾರ್ಬರುಗಳು ಯಾವತ್ತೋ ಸತ್ತುಹೋಗಿದ್ದವು. "ನನ್ನ ತಪ್ಪಲ್ಲ ಅಂತ ಗೊತ್ತಾಗಿದ್ದೇ ತಡ, ಅಲ್ಲೇ ಕೂತು ಅತ್ತುಬಿಟ್ಟೆ," ಎಂದು ಅಕ್ಕ ಈಗ ನಗುತ್ತಾರೆ. "ಮಾರನೇ ದಿನವೇ ಹೋಗಿ, ನಂಗೂ ಕಲಿಸಿ ಯಜಮಾನ್ರೇ ಅಂತ ಬೆನ್ನುಬಿದ್ದೆ."

ಈಗ ದಿನಕ್ಕೆ ಹನ್ನೆರಡು ಹದಿಮೂರು ಗಾಡಿಗಳು, ಹತ್ತಿರ ಹತ್ತಿರ ಐವತ್ತು ಟೈರು. ಚಕ್ರಗಳು ನೇರ ಇವೆಯೇ ಎಂದು ನೋಡಲು ಅಕ್ಕ ದಾರ ಕಟ್ಟುತ್ತಾರೆ. ಪಕ್ಕದ ಕೋಣೆಯಲ್ಲಿ ಬಟ್ಟೆ ಹೊಲಿಯುವ ಗಂಡನದೇ ದಾರ. "ಉಂಡೆಗೆ ಉಂಡೆಯೇ ಮಾಯ ಮಾಡ್ತಾಳೆ. ಕಾರಿಗೇನು ಪ್ಯಾಂಟು ಹೊಲೀತಾಳೋ!" ಎಂದು ಅವರು ಒಳಗಿಂದಲೇ ಗೊಣಗುತ್ತಾರೆ. ಗೊಣಗುತ್ತಲೇ ಇನ್ನೊಂದು ಉಂಡೆ ತಂದಿಡುತ್ತಾರೆ.

ಆಂಬುಲೆನ್ಸಿಗೆ ಬರೀ ಗಾಳಿ ಸಾಲದು. ರೋಗಿ ಮಲಗುವ ಹೊಸ ಭಾರದ ಮಂಚ, ಆಕ್ಸಿಜನ್ ಸಿಲಿಂಡರುಗಳು ಸೇರಿ ಹಿಂಭಾಗದ ಸ್ಪ್ರಿಂಗ್ ಪಟ್ಟಿಗಳು ಕುಸಿದಿವೆ. "ಗಾಡಿ ಹಿಂಭಾಗ ಕುಸಿದು ಕೂತುಬಿಟ್ರೆ ಮುಂದಿನ ಚಕ್ರ ಹಗುರಾಗತ್ತೆ. ಆಗ ನೀನು ತಿರುಗಿಸಿದ್ದು ಅದಕ್ಕೆ ಕೇಳ್ಸೋದೇ ಇಲ್ಲ," ಎಂದು ಅಕ್ಕ ಬಿಡಿಸಿ ಹೇಳುತ್ತಾರೆ. ಎರಡೂ ಬದಿಗೆ ಗಟ್ಟಿ ಪಟ್ಟಿ, ಹೊಸ ಶಾಕ್ ಅಬ್ಸಾರ್ಬರು, ಹೊತ್ತ ಭಾರಕ್ಕೆ ತಕ್ಕಷ್ಟು ಗಾಳಿ, ಕೊನೆಗೆ ದಾರ ಹಿಡಿದು ಚಕ್ರ ನೇರ. ಕೆಲಸ ಮುಗಿಯುವಾಗ ಮಧ್ಯಾಹ್ನ.

ಡ್ರೈವರ್ ಹೆದ್ದಾರಿಯಲ್ಲಿ ಒಂದು ಸುತ್ತು ಹೊಡೆದು ಬಂದು, ಇಳಿಯದೆ ಕಿಟಕಿಯಿಂದಲೇ ಕೂಗುತ್ತಾನೆ: "ಅಕ್ಕಾ, ಎರಡು ಲಾರಿ ಹೋದ್ವು. ಗಾಡಿ ಜಪ್ಪಯ್ಯ ಅಂದ್ರೂ ಅಲುಗಲಿಲ್ಲ!"

ಅಕ್ಕ ಕೈಗೆ ಸೋಪು ಹಚ್ಚುತ್ತಾ ತಲೆಯಾಡಿಸುತ್ತಾರೆ.

ಏನಾದರೂ ಆಸೆ ಉಂಟೇ ಎಂದು ಕೇಳಿದರೆ ಸೊಂಟ ಹಿಡಿದು ಮೇಲೇಳುತ್ತಾ ಹೇಳುತ್ತಾರೆ: "ಗಾಡಿ ಎತ್ತೋ ಲಿಫ್ಟ್ ಒಂದಿದ್ರೆ ಚೆನ್ನಾಗಿತ್ತು. ಈ ಮಂಡಿಗಳು ಮುಷ್ಕರ ಹೂಡಿವೆ. ನಿಂತ್ಕೊಂಡೇ ಮಾಡೋ ಹಾಗಾದ್ರೆ, ಇನ್ನೂ ಹತ್ತು ವರ್ಷ ನನ್ನನ್ನ ಇಲ್ಲಿಂದ ಯಾರೂ ಕದಲಿಸೋಕಾಗಲ್ಲ."